ಕೊಲೋನ್ ಕಾರ್ನಿವಲ್: ಹೊರಗಿನವ್ರು ಒಳಗೆ ಹೋಗೋ ದಾರಿ

(ಮೊನ್ನೆ ಇಲ್ಲಿ ಜರ್ಮನಿಯ ಕೊಲೋನ್ ಕಡೆ ಇರೋ ಕನ್ನಡದವ್ರೆಲ್ಲ ಸೇರಿದ್ದಾಗ ಮಾತಾಡಿದ್ದು. ಬರಲಾಗದೇ ಇದ್ದವ್ರು ಬರೆದು ಕಳ್ಸಿ ಅಂದ್ರು ಅಂತ ರೆಕಾರ್ಡಿಂಗ್ ಕೇಳ್ಕೊಂಡು ಟೈಪ್ ಮಾಡಿದೀನಿ. ಮಾತಿನ ಧಾಟಿ ಹಾಗೇ ಬಿಟ್ಟಿದೀನಿ, ಮೈಕ್ ಕೈಕೊಟ್ಟ ಭಾಗ ಮಾತ್ರ ತೆಗ್ದಿದೀನಿ.)

ಎಲ್ರಿಗೂ ನಮಸ್ಕಾರ, ಹಿಂದೆ ಕೂತಿರೋರಿಗೆ ಕೇಳಿಸ್ತಿದ್ಯಾ? ಸರಿ. ಇಲ್ಲಿ ಅರ್ಧಕ್ಕರ್ಧ ಜನ ಕಳೆದ ಒಂದೆರಡು ವರ್ಷದಲ್ಲಿ ಬಂದವ್ರು, ಕೆಲಸಕ್ಕೆ ಅಂತ ಬೆಂಗಳೂರಿಂದ ಬಂದವ್ರು, ಆಖನ್ ಕಡೆ ಓದೋಕೆ ಬಂದಿರೋ ಹುಡುಗ್ರು. ನಿಮ್ಮಲ್ಲಿ ಯಾರನ್ನ ಕೇಳಿದ್ರೂ ಕಾರ್ನಿವಲ್ ಬಗ್ಗೆ ಹೇಳೋದು ಹೆಚ್ಚುಕಮ್ಮಿ ಒಂದೇ ಕಥೆ. ಫೆಬ್ರವರಿಯ ಒಂದು ಗುರುವಾರ ಏನೂ ಗೊತ್ತಿಲ್ದೆ ಟ್ರಾಮ್ ಹತ್ತಿದ್ವಿ, ಪಕ್ಕದ ಸೀಟಲ್ಲಿ ಜಿರಾಫೆ ಕೂತಿತ್ತು, ಎದುರಿಗೆ ಇಬ್ರು ಅಜ್ಜಿಯರು ಜೇನುನೊಣದ ವೇಷ ಹಾಕ್ಕೊಂಡು ಬೆಳಿಗ್ಗೆ ಒಂಬತ್ತಕ್ಕೇ ಪುಟಾಣಿ ಬಾಟ್ಲಿ ಬಿಚ್ತಿದ್ರು, ವರ್ಷವೆಲ್ಲ ಸಿಗ್ನಲ್ ಹಸಿರಾಗೋ ತನಕ ಖಾಲಿ ರೋಡನ್ನೂ ದಾಟದೇ ಇರೋ ಜನಕ್ಕೆ ಇವತ್ತೇನಾಯ್ತಪ್ಪಾ ಅಂತ. ಆಮೇಲೆ ನೀವು ಮಾಡೋದು ಎರಡರಲ್ಲಿ ಒಂದು. ಮುಂದಿನ ವರ್ಷದಿಂದ ಆ ವಾರಕ್ಕೆ ಸರಿಯಾಗಿ ಟಿಕೆಟ್ ಬುಕ್ ಮಾಡಿ ಊರು ಬಿಟ್ಟು ಓಡ್ತೀರಿ. ಇಲ್ಲಾಂದ್ರೆ ಸ್ನೇಹಿತರ ಜೊತೆ ಝುಲ್ಪಿಶರ್ ಸ್ಟ್ರಾಸೆ ಅನ್ನೋ ಪಬ್ಬುಗಳ ಬೀದಿಗೆ ಹೋಗಿ, ಆ ನೂಕುನುಗ್ಗಲಲ್ಲಿ ಸಿಕ್ಕಾಕ್ಕೊಂಡು, ಒದ್ದೆ ಶೂ ಹಾಕ್ಕೊಂಡು ವಾಪಸ್ ಬಂದು, ಕಾರ್ನಿವಲ್ ಅಂದ್ರೆ ಕುಡುಕರ ಜಾತ್ರೆ ಅಂತ ಷರಾ ಬರೀತೀರಿ. ನಾನು ಹೇಳೋಕೆ ಬಂದಿರೋದು ಇವೆರಡೂ ಅಲ್ಲದ ಇನ್ನೊಂದು ದಾರಿ ಇದೆ ಅಂತ, ಅದು ಸ್ವಲ್ಪ ಮೈಮುರಿದು ಕೆಲಸ ಮಾಡೋ ದಾರಿ.

ಮೊದ್ಲು ಕ್ಯಾಲೆಂಡರ್ ಹೇಳ್ಬಿಡ್ತೀನಿ. ಶುರುವಾಗೋದು ನವೆಂಬರ್ 11ಕ್ಕೆ, ಬೆಳಿಗ್ಗೆ 11 ಗಂಟೆ 11 ನಿಮಿಷಕ್ಕೆ. ಆವತ್ತು ಸೇಂಟ್ ಮಾರ್ಟಿನ್ ದಿನ, ಹಿಂದಿನ ಕಾಲದಲ್ಲಿ ಕ್ರಿಸ್‌ಮಸ್‌ಗೆ ಮುಂಚೆನೂ ಒಂದು ದೊಡ್ಡ ಉಪವಾಸ ಇರ್ತಿತ್ತು, ಅದು ಶುರುವಾಗೋಕ್ ಮುಂಚೆ ತಿಂದು ಉಂಡು ಮುಗಿಸೋ ದಿನ ಅದು. ಮೇಲಾಗಿ ಇವ್ರಿಗೆ ಹನ್ನೊಂದು ಅಂದ್ರೆ ಮೂರ್ಖರ ಸಂಖ್ಯೆ, ಬೈಬಲ್‌ನಲ್ಲಿ ದೇವರ ಕಟ್ಟಳೆ ಹತ್ತು, ಅದನ್ನ ಒಂದು ದಾಟಿದ್ರೆ ಹನ್ನೊಂದು. ಒಂದು ದಿನ ಗದ್ದಲ ಮಾಡಿ ಆಮೇಲೆ ಕ್ರಿಸ್‌ಮಸ್ ಮುಗಿಯೋ ತನಕ ಹೆಚ್ಚುಕಮ್ಮಿ ತಣ್ಣಗಾಗ್ತಾರೆ, ಜನವರಿಯಿಂದ ಮತ್ತೆ ಶುರು. ಕೊನೇ ವಾರ ಯಾವಾಗ ಬರುತ್ತೆ ಅನ್ನೋದು ಈಸ್ಟರ್ ಮೇಲೆ ನಿಂತಿದೆ, ಈಸ್ಟರ್ ನಿಂತಿರೋದು ಹುಣ್ಣಿಮೆ ಮೇಲೆ. ಈಸ್ಟರ್‌ಗೆ 46 ದಿನ ಮುಂಚೆ ಬೂದಿ ಬುಧವಾರ, ಆವತ್ತಿಂದ ಈಸ್ಟರ್ ಮುಂಚಿನ ಉಪವಾಸ ಶುರು, ಕಾರ್ನಿವಲ್ ಮುಗೀತು. ಅದ್ರ ಹಿಂದಿನ ಸೋಮವಾರನೇ ರೋಸನ್‌ಮೊಂಟಾಗ್, ದೊಡ್ಡ ಮೆರವಣಿಗೆಯ ದಿನ. ಹಾಗಾಗಿ 2024ರಲ್ಲಿ ಫೆಬ್ರವರಿ 12ಕ್ಕೆ ಬಂತು, 2025ರಲ್ಲಿ ಮಾರ್ಚ್ 3ಕ್ಕೆ. ಚಾಂದ್ರಮಾನದ ಹಬ್ಬ ನೋಡ್ಕೊಂಡು ಬೆಳೆದಿರೋ ನಮಗೆ ಇದೇನು ಹೊಸದಲ್ಲ ಬಿಡಿ, ಆದ್ರೆ ಎಚ್‌ಆರ್‌ನವ್ರಿಗೆ ರಜೆ ಹಾಕೋವಾಗ ನೆನಪಿರ್ಲಿ.

ಈಗ ಮುಖ್ಯವಾದ ವಿಷ್ಯ. ನೀವು ನೋಡೋ ಆ ಯೂನಿಫಾರ್ಮ್, ಬ್ಯಾಂಡು, ಮಾರ್ಚ್ ಪಾಸ್ಟ್, ಎದೆ ತುಂಬ ಮೆಡಲ್ಲು, ಇದೆಲ್ಲ ಎಲ್ಲಿಂದ ಬಂತು? ನೋಡಿದ ತಕ್ಷಣ ನಂಗೆ ಅನ್ನಿಸಿದ್ದು, ಏನಿದು ಇವ್ರಿಗೆ ಹಬ್ಬದಲ್ಲೂ ಮಿಲಿಟರಿ ಬೇಕಾ ಅಂತ. ಇದ್ರ ಹಿಂದೆ ಒಂದು ಕುಹಕ ಇದೆ. ಕೊಲೋನ್ ನೂರಾರು ವರ್ಷ ತನ್ನಷ್ಟಕ್ಕೆ ತಾನೇ ಇದ್ದ ಸ್ವತಂತ್ರ ನಗರ. 1794ರಲ್ಲಿ ಫ್ರೆಂಚ್ ಸೈನ್ಯ ಬಂದು ಹಿಡ್ಕೊಳ್ತು, ನೆಪೋಲಿಯನ್ ಸೋತ ಮೇಲೆ 1815ರಲ್ಲಿ ಪ್ರಷ್ಯಾದವ್ರ ಕೈಗೆ ಹೋಯ್ತು. ಊರಿನವ್ರು ಕ್ಯಾಥೊಲಿಕರು, ಆಳೋಕೆ ಬಂದವ್ರು ಬರ್ಲಿನ್ನಿನ ಪ್ರಾಟೆಸ್ಟೆಂಟ್ ಅಧಿಕಾರಿಗಳು, ಎಲ್ಲದಕ್ಕೂ ಸಲಾಮು, ಶಿಸ್ತು, ಪರ್ಮಿಷನ್ನು. 1823ರಲ್ಲಿ ಊರಿನ ಅನುಕೂಲಸ್ಥರು ಸೇರಿ ಒಂದು ಸಮಿತಿ ಮಾಡಿದ್ರು, ಬೀದಿ ಗಲಾಟೆ ಆಗಿದ್ದ ಕಾರ್ನಿವಲ್‌ಗೆ ಒಂದು ವ್ಯವಸ್ಥೆ ತಂದ್ರು, ಅದೇ ವರ್ಷ ಫೆಬ್ರವರಿ 10ಕ್ಕೆ ಮೊದಲ ರೋಸನ್‌ಮೊಂಟಾಗ್ ಮೆರವಣಿಗೆ. ವ್ಯವಸ್ಥೆ ಅಂತ ಸರ್ಕಾರಕ್ಕೆ ತೋರ್ಸಿ, ಆ ವ್ಯವಸ್ಥೆಯೊಳಗೇ ಸರ್ಕಾರನ ಆಡ್ಕೊಳ್ಳೋದು. ಅದೇ ವರ್ಷ ರೋಟೆ ಫುಂಕೆನ್ ಅನ್ನೋ ದಳನೂ ಹುಟ್ಟಿದ್ದು, ಕೆಂಪು ಬಿಳಿ ಡ್ರೆಸ್ಸು, ಹಳೇ ನಗರದ ಸಿಪಾಯಿಗಳ ಅಣಕು. ಆ ಸಿಪಾಯಿಗಳು ಯುದ್ಧಕ್ಕಿಂತ ಬೇರೆ ಎಲ್ಲದರಲ್ಲೂ ಮುಂದು ಅಂತ ಹೆಸರುವಾಸಿ. ಇವ್ರ ಕೈಲಿರೋದು ಮರದ ಬಂದೂಕು, ನಳಿಗೆಗೆ ಹೂವು ಸಿಗಿಸಿರ್ತಾರೆ. ಸ್ಟೇಜ್ ಮೇಲೆ ಬಂದ್ರೆ ಕವಾಯತು ಮಾಡೋ ಬದ್ಲು ಇಬ್ಬಿಬ್ರು ಬೆನ್ನಿಗೆ ಬೆನ್ನು ಕೊಟ್ಟು, ಮಂಡಿ ಬಗ್ಗಿಸಿ, ಕುಂಡಿಗೆ ಕುಂಡಿ ಉಜ್ಜುತ್ತಾರೆ. ಅರವತ್ತು ದಾಟಿದ ಲಾಯರ್‌ಗಳು, ಡಾಕ್ಟರ್‌ಗಳು, ಬ್ಯಾಂಕಿನವ್ರು, ಮುಖ ಗಂಭೀರವಾಗಿಟ್ಕೊಂಡು! ಅವ್ರು ಒಬ್ರಿಗೊಬ್ರು ಕೊಡೋ ಮೆಡಲ್ಲೂ ಹಾಗೇ, ಮಿಲಿಟರಿ ಪದಕದ ತಮಾಷೆ. ಇದು ಗೊತ್ತಾದ ಮೇಲೆ ನಂಗೆ ಆ ಯೂನಿಫಾರ್ಮ್ ಮೇಲಿದ್ದ ಸಿಟ್ಟು ಹೋಯ್ತು. ಆದ್ರೆ ಈಗೀಗ ಕೆಲವು ಸಂಘದವ್ರು ಆ ಮೆಡಲ್ಲನ್ನ ನಿಜವಾದ ಮೆಡಲ್ಲು ಅಂದ್ಕೊಂಡು ಎದೆ ಉಬ್ಬಿಸ್ತಾರೆ, ತಮಾಷೆ ಯಾವಾಗ ಸೀರಿಯಸ್ ಆಯ್ತೋ ಅವ್ರಿಗೇ ಗೊತ್ತಿಲ್ಲ. ಇದು ನನ್ನ ಅಭಿಪ್ರಾಯ, ಅವ್ರ ಮುಂದೆ ಹೇಳೋಕೆ ಹೋಗ್ಬೇಡಿ.

ಪ್ರತಿ ವರ್ಷ ಮೂರು ಜನರನ್ನ ಊರಿನ ಒಡೆಯರು ಅಂತ ಮಾಡ್ತಾರೆ, ಡ್ರೈಗೆಶ್ಟಿರ್ನ್ ಅಂತಾರೆ: ರಾಜಕುಮಾರ, ರೈತ, ಕನ್ಯೆ. ರೈತನ ಸೊಂಟದಲ್ಲಿ ಊರ ಬಾಗಿಲಿನ ಬೀಗದ ಕೈ. ಕನ್ಯೆ ಅಂದ್ರೆ ಊರೇ, ಯಾರಿಗೂ ಸೋಲದ ಊರು, ತಲೆ ಮೇಲೆ ಕೋಟೆ ಗೋಡೆಯಂಥ ಕಿರೀಟ. ಆ ಪಾತ್ರ ಮಾಡೋದು ಗಂಡಸೇ, ಜಡೆ ಹಾಕ್ಕೊಂಡು, ಗಡ್ಡ ನುಣ್ಣಗೆ ಹೆರೆದು. ನಾಟಕದಲ್ಲಿ ಸ್ತ್ರೀವೇಷ ನೋಡಿರೋ ನಮಗೆ ಅದೇನು ಆಶ್ಚರ್ಯ ಅಲ್ಲ, ಆದ್ರೆ ನಾತ್ಸಿಗಳಿಗೆ ಆಗಿತ್ತು. ಗಂಡಸು ಹೆಣ್ಣಿನ ವೇಷ ಹಾಕೋದು ಸಲ್ಲದು ಅಂತ 1938 ಮತ್ತು 1939ರಲ್ಲಿ ಹೆಂಗಸರನ್ನೇ ಆ ಜಾಗಕ್ಕೆ ಹಾಕ್ಸಿದ್ರು. ಯುದ್ಧ ಮುಗಿದ ಮೇಲೆ ಮತ್ತೆ ಗಂಡಸರೇ. ಆ ಕಾಲದ ಕಾರ್ನಿವಲ್ ಬಗ್ಗೆ ಇನ್ನೂ ಕೆಟ್ಟ ಸಂಗತಿಗಳಿವೆ. 1934ರ ಮೆರವಣಿಗೆಯಲ್ಲಿ, ಊರು ಬಿಟ್ಟು ಹೋಗ್ತಿರೋ ಯಹೂದಿಗಳನ್ನ ಗೇಲಿ ಮಾಡೋ ಗಾಡಿನೇ ಇತ್ತು. ಅದಕ್ಕೆ ಮುಂಚೆ ಈ ಊರಲ್ಲಿ ಯಹೂದಿಗಳದ್ದೇ ಒಂದು ಕಾರ್ನಿವಲ್ ಸಂಘ ಇತ್ತು, 1922ರಲ್ಲಿ ಕಟ್ಟಿದ್ದು. ಅದು ಅಳಿಸಿ ಹೋಗಿ, ಅಂಥದ್ದೇ ಇನ್ನೊಂದು ಸಂಘ ಮತ್ತೆ ಹುಟ್ಟಿದ್ದು 2017ರಲ್ಲಿ. ಎಲ್ರೂ ಒಂದೇ, ಎಲ್ರೂ ಬನ್ನಿ ಅಂತ ಹಾಡೋ ಹಬ್ಬ ಒಂದ್ಸಲ ಯಾರನ್ನ ಹೊರಗೆ ಹಾಕಿತ್ತು ಅನ್ನೋದು ಹೊರಗಿಂದ ಬಂದಿರೋ ನಮಗೆ ಗೊತ್ತಿರ್ಬೇಕು.

ಜನವರಿಯಿಂದ ಹಾಲ್‌ಗಳಲ್ಲಿ ನಡೆಯೋದು ಸಿಟ್ಸುಂಗ್. ಸ್ಟೇಜ್ ಮೇಲೆ ಹನ್ನೊಂದು ಜನರ ಕೌನ್ಸಿಲ್ಲು, ಒಬ್ಬೊಬ್ರಾಗಿ ಬಂದು ತಮಾಷೆ ಭಾಷಣ ಮಾಡೋರು, ಡ್ಯಾನ್ಸ್ ಟ್ರೂಪು, ಹಾಡು. ಟಿಕೆಟ್ ದುಬಾರಿ, ಭಾಷಣ ಎಲ್ಲ ಕ್ಯೋಲ್ಶ್ ಅನ್ನೋ ಇಲ್ಲಿಯ ಭಾಷೆಯಲ್ಲಿ, ನೀವು ಜರ್ಮನ್ ಕಲಿತ ಬಿ1 ಸರ್ಟಿಫಿಕೇಟ್ ಹಿಡ್ಕೊಂಡು ಕೂತಿದ್ರೂ ಪಕ್ಕದವ್ರು ನಕ್ಕಾಗ ನಗೋದೇ ಗತಿ. ಹೊಸಬರಿಗೆ ನಾನು ಇದನ್ನ ಖಂಡಿತ ಹೇಳಲ್ಲ. ಅದ್ರ ಬದ್ಲು ಎರಡು ವಿಷ್ಯ ಬರ್ಕೊಳ್ಳಿ. ಒಂದು, ಲೋಸ್ ಮೆರ್ ಸಿಂಗೆ ಅಂತ ನಡೆಯುತ್ತೆ, ಜನವರಿ ಫೆಬ್ರವರಿಯಲ್ಲಿ ಒಂದೊಂದು ದಿನ ಒಂದೊಂದು ಪಬ್ಬಲ್ಲಿ, ಆ ವರ್ಷದ ಹೊಸ ಹಾಡುಗಳ ಸಾಹಿತ್ಯ ಅಚ್ಚು ಹಾಕಿ ಕೈಗೆ ಕೊಡ್ತಾರೆ, ಎಲ್ರೂ ನಿಂತ್ಕೊಂಡು ಹಾಡಿ ಕಲಿತು ಕೊನೆಗೆ ಯಾವುದು ಇಷ್ಟ ಅಂತ ವೋಟ್ ಹಾಕೋದು. ಅಲ್ಲಿ ಕೊಲೋನ್‌ನಲ್ಲೇ ಹುಟ್ಟಿದವ್ನಿಗೂ ಹಾಡು ಹೊಸದೇ, ನಿಮಗೂ ಹೊಸದೇ. ಎರಡು ಹಾಡು ಬಂದ್ರೆ ಬೀದಿಯಲ್ಲಿ ಬೆಪ್ಪನ ಹಾಗೆ ನಿಲ್ಲೋದು ತಪ್ಪುತ್ತೆ. ಇನ್ನೊಂದು ಇಮ್ಮಿಸಿಟ್ಸುಂಗ್, ಬೇರೆ ಬೇರೆ ದೇಶದಿಂದ ಬಂದು ಇಲ್ಲಿ ನೆಲೆ ನಿಂತವ್ರೇ ಸ್ಟೇಜ್ ಮೇಲೆ ಮಾಡೋ ಕಾರ್ಯಕ್ರಮ, ಜರ್ಮನ್ನರನ್ನೂ ಬಿಡಲ್ಲ, ತಮ್ಮನ್ನ ತಾವೂ ಬಿಡಲ್ಲ. ವೀಸಾ ಪರ್ಮಿಟ್ ಕೊಡೋ ವಿದೇಶಿಯರ ಕಚೇರಿಯ ಕ್ಯೂ ಬಗ್ಗೆ ಯಾರಾದ್ರೂ ಜೋಕ್ ಹೇಳಿದ್ರೆ ಆ ಹಾಲಲ್ಲಿ ಎಲ್ರಿಗೂ ತಕ್ಷಣ ಅರ್ಥ ಆಗುತ್ತೆ.

ರೋಸನ್‌ಮೊಂಟಾಗ್‌ಗೆ ಹಿಂದಿನ ಗುರುವಾರ ಹೆಂಗಸರ ದಿನ, ವೈಬರ್‌ಫಾಸ್ಟ್‌ನಾಖ್ಟ್. 11:11ಕ್ಕೆ ಹಳೇ ಮಾರ್ಕೆಟ್ಟಲ್ಲಿ ಬೀದಿ ಕಾರ್ನಿವಲ್ ಶುರು, ಅಲ್ಲಿಂದ ಊರು ಅವ್ರ ಕೈಲಿ. ಬಾನ್ ನಗರದ ಬಾಯೆಲ್‌ನಲ್ಲಿ ಇದಕ್ಕೊಂದು ಚೆಂದದ ಹಿನ್ನೆಲೆ ಇದೆ. ಅಲ್ಲಿ ಬಟ್ಟೆ ಒಗೆಯೋ ಹೆಂಗಸರು, ನಾವಿಲ್ಲಿ ಕೈ ಸವೆಯೋ ಹಾಗೆ ಒಗೀತಾ ಇದ್ರೆ ಗಂಡಂದ್ರು ಕಾರ್ನಿವಲ್ ಅಂತ ಕುಡಿಯೋಕೆ ಹೋಗ್ತಾರಲ್ಲ ಅಂತ ರೇಗಿ, 1824ರಲ್ಲಿ ತಮ್ಮದೇ ಕಮಿಟಿ ಮಾಡ್ಕೊಂಡ್ರು. ಈಗ್ಲೂ ಆವತ್ತು ಅವ್ರು ಅಲ್ಲಿನ ಟೌನ್‌ಹಾಲ್‌ಗೆ ನುಗ್ಗಿ ಅಧಿಕಾರ ಕಿತ್ಕೊಳ್ತಾರೆ. ಆಫೀಸುಗಳಲ್ಲಿ ಆವತ್ತು ಕತ್ತರಿ ಹಿಡ್ಕೊಂಡು ಓಡಾಡ್ತಾರೆ, ಟೈ ಕಟ್ಟಿದ ಗಂಡಸು ಕಂಡ್ರೆ ಕಚಕ್. ನಮ್ಮ ಆಫೀಸಿಗೆ ಬೆಂಗಳೂರಿಂದ ಮೀಟಿಂಗ್‌ಗೆ ಅಂತ ಬಂದಿದ್ದ ಒಬ್ರು ಹಿರಿಯರು ಮೈಸೂರು ರೇಷ್ಮೆ ಟೈ ಕಟ್ಕೊಂಡು ಬಂದಿದ್ರು, ರಿಸೆಪ್ಷನ್ನಲ್ಲೇ ಹೋಯ್ತು. ಪುಣ್ಯಕ್ಕೆ ದೊಡ್ಡ ಮನಸ್ಸಿನ ಮನುಷ್ಯ, ತುಂಡಾದ ಟೈನಲ್ಲೇ ಪ್ರೆಸೆಂಟೇಷನ್ ಮುಗಿಸಿದ್ರು. ನೀವು ಹಳೇದೊಂದು ಟೈ ತಂದಿಟ್ಕೊಳ್ಳಿ, ಫ್ಲೀ ಮಾರ್ಕೆಟ್ಟಲ್ಲಿ ಒಂದು ಯೂರೋಗೆ ಸಿಗುತ್ತೆ. ಟೈ ಕಟ್ಟದೇ ಹೋದ್ರೆ ಬಚಾವ್, ಆದ್ರೆ ಮಜಾ ಇಲ್ಲ.

ಈಗ ನಾನು ಯಾಕೆ ಇಷ್ಟು ಹುರುಪಲ್ಲಿ ಮಾತಾಡ್ತಿದೀನಿ ಅನ್ನೋದಕ್ಕೆ ಬರ್ತೀನಿ. ಸೋಮವಾರದ ದೊಡ್ಡ ಮೆರವಣಿಗೆ ಟಿವಿಯಲ್ಲಿ ಬರುತ್ತೆ, ಅದು ಎಲ್ರಿಗೂ ಗೊತ್ತು. ಆದ್ರೆ ಹಿಂದಿನ ದಿನ ಭಾನುವಾರ ಶಾಲೆಗಳದ್ದು ಮತ್ತು ಬಡಾವಣೆಗಳದ್ದು ಒಂದು ಮೆರವಣಿಗೆ ಇದೆ, ಮಂಗಳವಾರ ಏರಿಯಾ ಏರಿಯಾಗೆ ಒಂದೊಂದು, ನಿಪ್ಪೆಸ್, ಎರನ್‌ಫೆಲ್ಡ್ ಹೀಗೆ. ಬಡಾವಣೆಗೆ ಇಲ್ಲಿ ಫೇಡೆಲ್ ಅಂತಾರೆ. ದುಡ್ಡಿಲ್ದೇ ಇರೋ ಸಣ್ಣ ಸಣ್ಣ ಗುಂಪು, ಫುಟ್‌ಬಾಲ್ ಟೀಮು, ಒಂದು ಪಬ್ಬಿನ ಖಾಯಂ ಗಿರಾಕಿಗಳು, ಬಾಲವಾಡಿ ಮಕ್ಕಳು. ಭಾನುವಾರ ಚೆನ್ನಾಗಿ ಮಾಡಿದ ಬಡಾವಣೆ ಗುಂಪುಗಳಿಗೆ ಸೋಮವಾರದ ದೊಡ್ಡ ಮೆರವಣಿಗೆಯಲ್ಲಿ ನಡೆಯೋ ಅವಕಾಶ ಸಿಗುತ್ತೆ, ಅದಕ್ಕೋಸ್ಕರ ಅಕ್ಟೋಬರ್‌ನಿಂದ್ಲೇ ಬಟ್ಟೆ ಹೊಲಿಯೋದು ರಟ್ಟು ಅಂಟಿಸೋದು ಶುರು ಹಚ್ಕೊಳ್ತಾರೆ.

ನನ್ನ ಮಗಳ ಕ್ಲಾಸಿನ ಒಬ್ಬ ಹುಡುಗನ ಅಪ್ಪ, ನಲ್ಲಿ ರಿಪೇರಿ ಕೆಲಸ ಮಾಡೋರು, ನಮ್ಮ ಮನೆ ಹೀಟಿಂಗ್ ಸರಿ ಮಾಡೋಕೆ ಬಂದಿದ್ರು. ಕೆಲಸ ಮುಗಿಸಿ, ಬಿಯರ್ ಇದ್ಯಾ ಅಂತ ಕೇಳಿದ್ರು, ಇಲ್ಲ ನಾನು ಕುಡಿಯಲ್ಲ ಅಂದೆ. ಯಾವಾಗ್ಲೂ ಕುಡಿಯಲ್ವಾ? ಇಲ್ಲ. ಕಾರ್ನಿವಲ್‌ನಲ್ಲೂ ಕುಡಿಯಲ್ವಾ? ಇಲ್ಲ ಸ್ವಾಮಿ. ನಾನು ಇನ್ನೇನು ಲೆಕ್ಚರ್ ಶುರುವಾಗುತ್ತೆ ಅಂದ್ಕೊಂಡ್ರೆ ಅವ್ರು ನನ್ನ ಎರಡೂ ಭುಜ ಹಿಡ್ಕೊಂಡು, ನೀನು ನಮಗೆ ಬೇಕು ಅಂದ್ರು!

ಕೆಲಸ ಏನಪ್ಪಾ ಅಂದ್ರೆ ವಾಗನ್‌ಎಂಗೆಲ್, ಗಾಡಿಯ ದೇವದೂತ. ಟ್ರ್ಯಾಕ್ಟರ್ ಎಳೆಯೋ ಗಾಡಿ ಮೇಲೆ ನಿಂತವ್ರು ಚಾಕ್ಲೇಟು ಎಸೀತಾರೆ, ಮಕ್ಕಳು ಅದನ್ನ ಹೆಕ್ಕೋಕೆ ಚಕ್ರದ ಹತ್ರ ನುಗ್ತಾರೆ, ಆ ಚಕ್ರದ ಪಕ್ಕದಲ್ಲೇ ನಡ್ಕೊಂಡು ಹೋಗಿ ಯಾವ ಮಗೂನೂ ಹತ್ರ ಬರದ ಹಾಗೆ ನೋಡ್ಕೊಳ್ಳೋನೇ ಈ ದೇವದೂತ. ನಮ್ಮ ಗಾಡಿಗೆ ಒಂದೊಂದು ಚಕ್ರಕ್ಕೆ ಒಬ್ಬೊಬ್ಬ. ಹಿಂದಿನ ವಾರ ಒಂದು ಪಬ್ಬಿನ ಹಿಂದಿನ ರೂಮಲ್ಲಿ ಕೂರಿಸಿ ಪಾಠ ಮಾಡಿದ್ರು. ಮೆರವಣಿಗೆ ಮುಗಿಯೋ ತನಕ ಒಂದು ಹನಿ ಮುಟ್ಟೋ ಹಾಗಿಲ್ಲ, ಚಕ್ರದಿಂದ ಒಂದು ಕೈಯಳತೆ ಬಿಟ್ಟು ನಡೀಬೇಕು, ಜನರ ಮುಖ ನೋಡ್ಬೇಡ ಮಕ್ಕಳ ಕೈ ನೋಡು, ಫೋಟೋ ತೆಗಿಯೋಕೆ ಫೋನ್ ಹೊರಗೆ ತೆಗೆದ್ರೆ ಮುಂದಿನ ವರ್ಷ ಬರ್ಬೇಡ. ಹೇಳ್ತಿದ್ದವ್ರು ತಲೆಗೆ ಬಾಳೆಹಣ್ಣಿನ ಟೋಪಿ ಹಾಕ್ಕೊಂಡಿದ್ರು, ಆದ್ರೆ ನಮ್ಮ ಕಂಪನಿಯ ಸೇಫ್ಟಿ ಟ್ರೇನಿಂಗಲ್ಲೂ ನಾನು ಅಷ್ಟು ಕಟ್ಟುನಿಟ್ಟು ಕಂಡಿಲ್ಲ.

ಮಂಗಳವಾರ ಹೊರಟ್ವಿ. ಟ್ರ್ಯಾಕ್ಟರ್ ನಡ್ಕೊಂಡು ಹೋಗೋರಿಗಿಂತ ನಿಧಾನ, ಆದ್ರೂ ಹತ್ರದಿಂದ ಆ ಟೈರು ನೋಡಿದ್ರೆ ಎದೆ ಝಲ್ ಅನ್ನುತ್ತೆ, ನನ್ನ ಸೊಂಟಕ್ಕಿಂತ ಎತ್ತರ, ಹಲ್ಲುಗಳ ಸಂದಿಯಲ್ಲಿ ಅರ್ಧ ಅರೆದ ಕ್ಯಾರಮೆಲ್, ಬಣ್ಣದ ಕಾಗದ, ಯಾರದೋ ಕೈಗವಸು. ಎರಡೂ ಕಡೆ ಜನ ಕಮೆಲ್ಲೆ ಕಮೆಲ್ಲೆ, ಅಂದ್ರೆ ಮಿಠಾಯಿ ಮಿಠಾಯಿ, ಅಂತ ಕಿರುಚ್ತಿದಾರೆ, ಅನುಭವಸ್ಥರು ಕೊಡೆ ತಲೆಕೆಳಗಾಗಿ ಹಿಡಿದು ಬೀಳೋದನ್ನೆಲ್ಲ ತುಂಬ್ಕೊಳ್ತಿದಾರೆ, ಎರಡನೇ ಮಹಡಿ ಕಿಟಕಿಯಿಂದ ಒಬ್ಬ ತಾತ ಮೀನು ಹಿಡಿಯೋ ಬಲೆ ಉದ್ದ ಕೋಲಿಗೆ ಕಟ್ಟಿ ಚಾಚಿದ್ದ. ನಾನು ಇದ್ಯಾವುದನ್ನೂ ಸರಿಯಾಗಿ ನೋಡಿಲ್ಲ, ನನ್ನ ಕಣ್ಣೆಲ್ಲ ಮೂರಡಿ ಎತ್ತರದ ಜಗತ್ತಲ್ಲೇ ಇತ್ತು. ಒಂದು ತಿರುವಲ್ಲಿ ಪುಟ್ಟ ಡ್ರ್ಯಾಗನ್ ಒಂದು, ನಾಲ್ಕೈದು ವರ್ಷ ಇರ್ಬಹುದು, ಚಕ್ರದ ಮುಂದೆ ಬಿದ್ದಿದ್ದ ವೇಫರ್ ಪ್ಯಾಕೆಟ್‌ಗೆ ಕೈ ಹಾಕ್ತು. ನಾನು ಬಾಲ ಹಿಡ್ಕೊಂಡು ಎಳೆದೆ, ನಿಜವಾಗ್ಲೂ ಬಾಲನೇ. ಡ್ರ್ಯಾಗನ್ ನನ್ನ ಮುಖ ನೋಡಿ ಅಳೋಕೆ ಬಾಯಿ ತೆರೀತು, ಅಷ್ಟರಲ್ಲಿ ಮೇಲಿಂದ ನಮ್ಮ ನಲ್ಲಿಯವ್ರು ಒಂದು ಇಡೀ ಚಾಕ್ಲೇಟ್ ಬಾರು ಅದ್ರ ಚೀಲಕ್ಕೇ ನೇರ ಹಾಕಿದ್ರು. ಅಮ್ಮ ಬಂದು ಎತ್ಕೊಂಡು ನಂಗೊಂದು ಹೂವು ಸಿಗಿಸಿ ಹೋದ್ಲು. ಅಷ್ಟೇ, ಗಾಡಿ ನಿಲ್ಲಲಿಲ್ಲ, ನಾನೂ ನಿಲ್ಲೋ ಹಾಗಿರಲಿಲ್ಲ.

ಆಮೇಲೆ ಬೀದಿಯಲ್ಲಿ ಬೇಕರಿಯವ್ನು, ಎದುರು ಮನೆ ಅಜ್ಜಿ, ಪೋಸ್ಟಿನವ್ನು ಎಲ್ರೂ ಹೆಸರು ಹಿಡಿದು ಮಾತಾಡಿಸೋಕೆ ಶುರು ಮಾಡಿದ್ರು. ನಾನು ಇಲ್ಲಿ ಬಂದ ಎಷ್ಟೋ ವರ್ಷ, ದಿನಾ ಗುಟೆನ್ ಟಾಗ್ ಹೇಳಿ ಹೇಳಿ ಆಗದೇ ಇದ್ದದ್ದು ಇದು. ಇಂಟಿಗ್ರೇಷನ್ ಅನ್ನೋ ಪದ ಕೇಳಿದ್ರೆ ನಂಗೆ ಮೈ ಉರಿಯುತ್ತೆ, ಕೋರ್ಸ್ ಮಾಡಿ ಸರ್ಟಿಫಿಕೇಟ್ ಕೊಡೋ ಥರದ್ದು ಅಂತ ಅಂದ್ಕೊಂಡಿರ್ತಾರೆ. ಈ ಊರಲ್ಲಿ ನಿಮ್ಮನ್ನ ಕರೆಯೋಕೆ ಯಾರೂ ಬರಲ್ಲ, ಬಿಗುಮಾನ ಅಂತಲ್ಲ, ನೀವೇ ಬರ್ತೀರಿ ಅಂತ ಅವ್ರ ಲೆಕ್ಕ. ಗಲಾಟೆ ಥರ ಕಾಣೋ ಈ ಹಬ್ಬದಲ್ಲಿ ಒಬ್ಬೊಬ್ರಿಗೂ ಒಂದೊಂದು ಕೆಲಸ ಗೊತ್ತುಮಾಡಿರುತ್ತೆ, ಕ್ಯಾರಮೆಲ್ ಡಬ್ಬ ಹೊರೋರು, ರಸ್ತೆ ಪರ್ಮಿಷನ್ ಕಾಗದಕ್ಕೆ ಓಡಾಡೋರು, ಸೂಪ್ ಬೇಯಿಸೋರು, ಡ್ರಮ್ ಕಲಿಸೋರು. ನೀವು ಪ್ರೇಕ್ಷಕರಾಗಿ ಎಷ್ಟು ವರ್ಷ ನಿಂತ್ರೂ ಪ್ರೇಕ್ಷಕರೇ, ಒಂದು ಕೆಲಸ ಕೈಗೆ ತಗೊಂಡ್ರೆ ಆವತ್ತಿಂದ್ಲೇ ಒಳಗಿನವ್ರು.

ಸೋಮವಾರದ್ದು ಬೇಗ ಹೇಳಿ ಮುಗಿಸ್ತೀನಿ. ಸುಮಾರು 8 ಕಿಲೋಮೀಟರ್ ದಾರಿ, ಹತ್ತು ಸಾವಿರಕ್ಕೂ ಹೆಚ್ಚು ಜನ ನಡೆಯೋದು, ಎಸೆಯೋ ಸಿಹಿ ತಿಂಡಿ ಸುಮಾರು 300 ಟನ್. 2023ರಲ್ಲಿ 200 ವರ್ಷ ತುಂಬಿತ್ತಲ್ಲ, ಆ ಸಲ ಮೊದಲ ಬಾರಿಗೆ ನದಿಯ ಆಚೆ ದಡ ಡೊಯ್ಟ್ಸ್‌ನಿಂದ ಹೊರಟು ರೈನ್ ಸೇತುವೆ ದಾಟಿ ಬಂತು. ರಾಜಕಾರಣಿಗಳನ್ನ ಗೇಲಿ ಮಾಡೋ ದೊಡ್ಡ ದೊಡ್ಡ ಬೊಂಬೆ ಗಾಡಿ ಬರುತ್ತೆ, ಕಟ್ಟಕಡೆಯ ಗಾಡಿಯಲ್ಲಿ ರಾಜಕುಮಾರ. ಅದ್ರ ಬೆನ್ನಿಗೇ ಕಿತ್ತಳೆ ಬಣ್ಣದ ಕಸ ಗುಡಿಸೋ ಗಾಡಿಗಳ ಇನ್ನೊಂದು ಮೆರವಣಿಗೆ, ಸಂಜೆ ಹೊತ್ತಿಗೆ ಮುಖ್ಯ ರಸ್ತೆಗಳಲ್ಲಿ ಗುರುತೂ ಇರಲ್ಲ. ನಂಗೆ ಅದನ್ನ ನೋಡೋದೇ ಒಂದು ಖುಷಿ.

2022ರದ್ದು ಮಾತ್ರ ಬೇರೆ. ಕೊರೊನಾ ಅಂತ ಮೆರವಣಿಗೆನ ಸ್ಟೇಡಿಯಂ ಒಳಗೆ ಮಾಡೋ ಏರ್ಪಾಡಾಗಿತ್ತು. ಹೆಂಗಸರ ಗುರುವಾರ ಬಂದಿದ್ದು ಫೆಬ್ರವರಿ 24ಕ್ಕೆ, ಬೆಳಿಗ್ಗೆ ಎದ್ದು ನೋಡಿದ್ರೆ ರಷ್ಯಾ ಉಕ್ರೇನ್ ಮೇಲೆ ಬಿದ್ದಿತ್ತು. ಬೀದಿಯಲ್ಲಿ ವೇಷ ಹಾಕ್ಕೊಂಡವ್ರು ಫೋನ್ ನೋಡ್ತಾ ನಿಂತಿದ್ರು. ನಾಲ್ಕೇ ದಿನದಲ್ಲಿ ಸಂಘದವ್ರು ಸೇರಿ ಸ್ಟೇಡಿಯಂ ಕಾರ್ಯಕ್ರಮ ಕೈಬಿಟ್ಟು ರೋಸನ್‌ಮೊಂಟಾಗ್ ದಿನ ಯುದ್ಧದ ವಿರುದ್ಧ ಮೆರವಣಿಗೆ ಮಾಡಿದ್ರು, ಎರಡೂವರೆ ಲಕ್ಷ ಜನ ಅಂದ್ರು. 1991ರಲ್ಲಿ ಗಲ್ಫ್ ಯುದ್ಧ ಅಂತ ಅಧಿಕೃತ ಮೆರವಣಿಗೆ ರದ್ದೇ ಆಗಿತ್ತಂತೆ. ಇಷ್ಟು ಬೇಗ ಲಕ್ಷಾಂತರ ಜನರನ್ನ ಬೀದಿಗೆ ತರೋಕೆ ಆಗಿದ್ದು ಅದೇ ಸಂಘಗಳು, ಅದೇ ಫೋನ್ ಲಿಸ್ಟು, ಅದೇ ಅಭ್ಯಾಸ ಇದ್ದಿದ್ರಿಂದ.

ನಂಗೆ ಸೇರದ ವಿಷ್ಯನೂ ಹೇಳ್ಬೇಕು. ಮುಖಕ್ಕೆ ಕಪ್ಪು ಬಳ್ಕೊಂಡು ಆಫ್ರಿಕಾದವ್ರು ಅಂತ ಕುಣಿಯೋರು ಕಮ್ಮಿ ಆಗಿದಾರೆ, ಆದ್ರೆ ಹೋಗಿಲ್ಲ. ಪಕ್ಕದ ಟೇಬಲ್‌ನಲ್ಲಿ ಪೇಟ ಸುತ್ಕೊಂಡು ಮಹಾರಾಜ ಅಂತ ಕೂತವ್ನು ನನ್ನ ನೋಡಿ ಕೈಮುಗಿದು ಕತ್ತು ಕುಣಿಸಿದ್ರೆ ನಾನೇನು ಮಾಡ್ಲಿ, ನಗ್ಲಾ ಎದ್ದು ಹೋಗ್ಲಾ? ನಾನು ಒಂದ್ಸಲ ಅವನ ಪೇಟ ಬಿಚ್ಚಿ ಸರಿಯಾಗಿ ಸುತ್ತಿ ಕೊಟ್ಟೆ, ಅವನಿಗೆ ಮುಜುಗರ ಆಯ್ತು, ನಂಗೆ ಸಮಾಧಾನ ಆಯ್ತು. ಮತ್ತೆ ಹೆಣ್ಮಕ್ಕಳಿಗೆ, ಬ್ಯುಟ್ಸ್ಶೆ ಅಂತ ಕೆನ್ನೆಗೊಂದು ಮುತ್ತು ಕೊಡೋ ಪದ್ಧತಿ ಇದೆ, ಅದು ಕೇಳಿ ಕೊಡೋದು, ಬೇಡ ಅಂದ್ರೆ ಬೇಡ. ಸಂಪ್ರದಾಯ ಅಂತ ಯಾರಾದ್ರೂ ಮೈಮೇಲೆ ಬಿದ್ರೆ ಗಟ್ಟಿಯಾಗಿ ಕೂಗಿ, ಪೊಲೀಸ್ರು ಎಲ್ಲ ಕಡೆ ಇರ್ತಾರೆ.

ಸ್ಟುಟ್‌ಗಾರ್ಟ್ ಕಡೆಯಿಂದ ಬಂದವ್ರಿಗೆ ಒಂದು ಮಾತು, ನಿಮ್ಮ ಕಡೆ ನಡೆಯೋದು ಬೇರೆನೇ ಹಬ್ಬ, ಫಾಸ್ನೆಟ್. ಅಲ್ಲಿ ಜನವರಿ 6ಕ್ಕೆ ಮರದ ಮುಖವಾಡಗಳ ಧೂಳು ಹೊಡೆದು ಹೊರಗೆ ತೆಗೀತಾರೆ, ತಲೆಮಾರಿಂದ ಮನೆಯಲ್ಲಿ ಬಂದಿರೋ ಮುಖವಾಡ. ರಾಟ್‌ವೈಲ್‌ಗೆ ಒಂದ್ಸಲನಾದ್ರೂ ಹೋಗಿ. ಸೋಮವಾರ ಬೆಳಿಗ್ಗೆ ಸರಿಯಾಗಿ 8 ಗಂಟೆಗೆ ಕಪ್ಪು ಬಾಗಿಲ ಕಮಾನಿನಡಿಯಿಂದ ಮೈತುಂಬ ಗಂಟೆ ಕಟ್ಕೊಂಡವ್ರು ಜಿಗೀತಾ ಬರ್ತಾರೆ, ಫೆಡರಹನ್ನೆಸ್ ಅನ್ನೋ ಕೋರೆಹಲ್ಲಿನವನು ಉದ್ದ ಕೋಲು ಊರಿ ಹಾರ್ತಾನೆ, ಆ ಕೋಲಿನ ತುದಿಯ ಕರುವಿನ ಬಾಲದಿಂದ ನಿಮ್ಮ ಮುಖ ಸವರಿ ಹೋಗ್ತಾನೆ. ಅಲ್ಲಿ ಸುಮ್ಮನೆ ನಿಂತು ನೋಡ್ಬೇಕು ಅಷ್ಟೇ, ಅಲ್ಲಿನ ಮೆರವಣಿಗೆಗೆ ಸಂಘದವ್ರು ಒಪ್ಪಿದ ವೇಷ ಮಾತ್ರ, ನಾನೂ ಬರ್ತೀನಿ ಅಂತ ಸೂಪರ್‌ಮ್ಯಾನ್ ಡ್ರೆಸ್ಸಲ್ಲಿ ಒಳಗೆ ನುಗ್ಗೋ ಹಾಗಿಲ್ಲ. ಕೊಲೋನ್‌ನಲ್ಲಿ ಉಲ್ಟಾ, ವೇಷ ಇಲ್ಲದೇ ಹೋದ್ರೇ ಜನ ವಿಚಿತ್ರವಾಗಿ ನೋಡ್ತಾರೆ.

ಮಂಗಳವಾರ ಮಧ್ಯರಾತ್ರಿಗೆ ನುಬ್ಬೆಲ್ ಸುಡೋದು. ಗುರುವಾರದಿಂದ ಪಬ್ಬುಗಳ ಬಾಗಿಲ ಮೇಲೆ ಹುಲ್ಲಿನ ಗೊಂಬೆ ಒಂದು ಪ್ಯಾಂಟು ಶರ್ಟು ಹಾಕ್ಕೊಂಡು ನೇತಾಡ್ತಿರುತ್ತೆ. ಅದನ್ನ ಕೆಳಗಿಳಿಸಿ, ಪಾದ್ರಿ ವೇಷದವ್ನು ಒಬ್ಬ ಆರೋಪಪಟ್ಟಿ ಓದ್ತಾನೆ: ನಮ್ಮ ದುಡ್ಡೆಲ್ಲ ಕುಡಿದು ಖಾಲಿ ಮಾಡಿದ್ದು ಯಾರು? ಜನ ಎಲ್ಲ, ನುಬ್ಬೆಲ್! ಕಂಡೋರಿಗೆಲ್ಲ ಮುತ್ತು ಕೊಟ್ಟಿದ್ದು ಯಾರು? ನುಬ್ಬೆಲ್! ಫುಟ್‌ಬಾಲ್‌ನಲ್ಲಿ ಎಫ್‌ಸಿ ಕೊಲೋನ್ ಸೋತಿದ್ದು ಯಾರಿಂದ? ನುಬ್ಬೆಲ್! ಬೆಂಕಿ ಹಚ್ಚಿ ಎದೆ ಬಡ್ಕೊಂಡು ಅಳ್ತಾರೆ. ನಾನು ಬಾಗಲಕೋಟೆ ಕಡೆಯವ್ನು, ಹೋಳಿಲಿ ಕಾಮಣ್ಣನ್ನ ಸುಟ್ಟು ಬಾಯಿ ಬಾಯಿ ಬಡ್ಕೊಂಡು ಲಬೋ ಲಬೋ ಅಂತ ಹೊಯ್ಕೊಂಡು ಬೆಳೆದವ್ನು, ಮೊದ್ಲ ಸಲ ಇದನ್ನ ನೋಡಿದಾಗ ನಂಗೆ ಯಾರೂ ಏನೂ ವಿವರಿಸ್ಬೇಕಾಗಿರಲಿಲ್ಲ. ನಾನೂ ಬಾಯಿಗೆ ಕೈ ಇಟ್ಕೊಂಡು ಹೊಯ್ಕೊಂಡೆ, ಸುತ್ತ ಇದ್ದವ್ರು ತಿರುಗಿ ನೋಡಿದ್ರು, ಇದು ನಮ್ಮದಕ್ಕಿಂತ ಚೆನ್ನಾಗಿದೆ ಇನ್ನೊಂದ್ಸಲ ಮಾಡು ಅಂದ್ರು. ಈಗ ಆ ಪಬ್ಬಲ್ಲಿ ನಾನು ಹೋದ್ರೆ ಅದು ನನ್ನ ಪಾಲಿನ ಕೆಲಸ.

ಕೊನೆಗೆ ಪ್ರಶ್ನೆಗಳು. ರಜೆ ಇರುತ್ತಾ ಅಂತ ಒಬ್ರು ಕೇಳಿದ್ರು: ರೋಸನ್‌ಮೊಂಟಾಗ್ ಕಾನೂನು ಪ್ರಕಾರ ಸರ್ಕಾರಿ ರಜೆ ಅಲ್ಲ, ಆದ್ರೆ ಇಲ್ಲಿ ಸುಮಾರು ಕಂಪನಿಗಳು ಬಿಡ್ತಾವೆ, ಶಾಲೆಗಳೂ ತಮಗಿರೋ ಐಚ್ಛಿಕ ರಜೆ ಹೊಂದಿಸ್ಕೊಂಡು ಮುಚ್ತಾವೆ. ಮ್ಯಾನೇಜರ್ ಹ್ಯಾಂಬರ್ಗ್‌ನವ್ನಾದ್ರೆ ಮೊದ್ಲೇ ಮಾತಾಡಿ, ಅವ್ರಿಗೆ ಇದೆಲ್ಲ ಅರ್ಥ ಆಗಲ್ಲ. ಸಸ್ಯಾಹಾರಿಗಳು ಏನ್ ತಿನ್ನೋದು: ಹಾಲ್ವೆ ಹಾನ್ ಅಂತ ಕೇಳಿ, ಅರ್ಧ ಕೋಳಿ ಅಂತ ಹೆಸರು ಕೇಳಿ ಹೆದರ್ಬೇಡಿ, ಬರೋದು ರೈ ಬನ್ನು, ಚೀಸು, ಸಾಸಿವೆ. ಬಿಯರ್ ಸಾಕಾದ್ರೆ ಗ್ಲಾಸ್ ಮೇಲೆ ರಟ್ಟಿನ ಬಿಲ್ಲೆ ಮುಚ್ಚಿಡಿ, ಇಲ್ಲಾಂದ್ರೆ ಕೇಳದೇ ಇನ್ನೊಂದು ತಂದಿಡ್ತಾನೆ, 200 ಎಂಎಲ್ ಗ್ಲಾಸು, ಲೆಕ್ಕ ತಪ್ಪುತ್ತೆ. ಡ್ಯುಸೆಲ್‌ಡಾರ್ಫ್‌ನವ್ರು ಕೊಲೋನ್‌ಗೆ ಬಂದು ತಮ್ಮೂರಿನ ಕಾರ್ನಿವಲ್ ಘೋಷಣೆ ಹೆಲಾವ್ ಅಂದ್ರೆ ಏನಾಗುತ್ತೆ ಅಂತ ಒಬ್ರು ನಗ್ತಾ ಕೇಳಿದ್ರು, ಇಲ್ಲಿ ಅಲಾಫ್ ಅನ್ನಿ, ಜಗಳ ಯಾಕೆ.

ಚಳಿಗೆ ಏನ್ ಮಾಡೋದು ಅಂದ್ರೆ, ವೇಷದ ಒಳಗೆ ಥರ್ಮಲ್ ಹಾಕ್ಕೊಳ್ಳಿ, ಎರಡು ಸೈಜ್ ದೊಡ್ಡ ಪ್ರಾಣಿ ತಗೊಳ್ಳಿ. ಕರಡಿ ಒಳ್ಳೇದು, ಜೇಬಿರುತ್ತೆ.

ಕೊನೇ ಪ್ರಶ್ನೆ, ಚಕ್ರದ ಪಕ್ಕ ನಡೆಯೋಕೆ ಈ ಸಲ ಜನ ಬೇಕಾ ಅಂತ. ಬೇಕು, ಪ್ರತಿ ವರ್ಷನೂ ಬೇಕು. ನಿಮ್ಮ ಏರಿಯಾದ ಸಂಘದವ್ರನ್ನ ಸೆಪ್ಟೆಂಬರ್ ಅಕ್ಟೋಬರ್‌ನಲ್ಲೇ ಹೋಗಿ ಕೇಳಿ, ಜನವರಿಗೆ ಬಟ್ಟೆ ಅಳತೆ ಎಲ್ಲ ಮುಗ್ದಿರುತ್ತೆ. ಬೂಟು ಗಟ್ಟಿದಿರ್ಲಿ, ಬೆಳಿಗ್ಗೆ ಚೆನ್ನಾಗಿ ತಿಂದು ಹೋಗಿ, ಮಧ್ಯೆ ಟಾಯ್ಲೆಟ್ ಸಿಗಲ್ಲ. ನಿಪ್ಪೆಸ್ ಕಡೆಯವ್ರು ನಂಗೇ ಮೆಸೇಜ್ ಮಾಡಿ, ನಲ್ಲಿಯವ್ರ ಹತ್ರ ನಾನೇ ಕರ್ಕೊಂಡು ಹೋಗ್ತೀನಿ.